ಸೇತುವೆಯ ಮೇಲಿನ ಹನ್ನೆರಡನೇ ದಿನ

ನನ್ನ ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಾನು ಹೊಸಿಲು ದಾಟಲಿಲ್ಲ. ನಮ್ಮಲ್ಲಿ ಗಂಡ ಸತ್ತ ಹೆಂಗಸು ಅಷ್ಟು ದಿನ ಇದ್ದತ್ ಕೂರುತ್ತಾಳೆ. ಹೊರಗಿನವರಿಗೆ ಅದು ಸೆರೆಯಂತೆ ಕಾಣಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಎಲ್ಲಿಗಾದರೂ ಹೋಗಬೇಕೆಂಬ ಆಸೆಯಿದ್ದವರಿಗೆ ತಾನೇ ಬಾಗಿಲು ಅಡ್ಡವಾಗುವುದು. ಚನ್ನಗಿರಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ, ಸೀರೆಗೆ ಫಾಲ್ಸ್ ಹಚ್ಚುವ ಮೆಷಿನ್‌ಗೆ ಬಟ್ಟೆ ಮುಚ್ಚಿ ಕೂತಿದ್ದೆ.

ಆ ದಿನಗಳಲ್ಲಿ ನನ್ನನ್ನು ಕೊರೆಯುತ್ತಿದ್ದ ಒಂದು ಸಂಗತಿಯನ್ನು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ. ಕೆರೆಬಿಳಚಿಯಿಂದ ಬಂದ ನನ್ನ ತಾಯಿಗೆ ಹೇಳಿದ್ದರೆ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಇಲ್ಲದ ಒಂದು ಊರಿನಲ್ಲಿ, ಇಲ್ಲದ ಒಂದು ಸೇತುವೆಯ ಮೇಲೆ ನನ್ನ ಗಂಡ ಕಾವಲು ಮುಗಿಯುವ ಮೊದಲೇ ಕೂತುಬಿಟ್ಟರೇ ಎಂಬುದು ಆ ಸಂಗತಿ.

ಇದು ಅರ್ಥವಾಗಬೇಕಾದರೆ ಆಟದ ಕಥೆ ಹೇಳಬೇಕು.

ನನ್ನ ಗಂಡ ಬೈಕ್ ಸೀಟು ಹೊಲಿಯುತ್ತಿದ್ದರು. ಹಳೆಯ ರೆಗ್ಸಿನ್ ಕಿತ್ತು, ಫೋಮ್ ಕತ್ತರಿಸಿ ಕೂರಿಸಿ, ಹೊಸ ಕವರ್ ಎಳೆದು ಪಿನ್ನು ಹೊಡೆಯುವ ಕೆಲಸ. ಗಿರಾಕಿ ಕಾಯುತ್ತಿರುವಾಗ ಅವರು ಕೂರುತ್ತಿರಲಿಲ್ಲ. ಸ್ಟೂಲು ಇತ್ತು, ಅದರ ಮೇಲೆ ಗಿರಾಕಿಯನ್ನೇ ಕೂರಿಸುತ್ತಿದ್ದರು. ಒಂದು ದಿನ ಆ ಸ್ಟೂಲಿನ ಮೇಲೆ ನ್ಯಾಮತಿಯ ಒಬ್ಬ ಮೇಷ್ಟ್ರು ಕೂತಿದ್ದರು. ಚನ್ನಗಿರಿಯಲ್ಲಿ ಅವರ ಅಕ್ಕನ ಮನೆ. ಫೋನ್ ನೋಡುತ್ತಾ ಒಬ್ಬರೇ ನಗುತ್ತಿದ್ದರಂತೆ.

‘ಏನ್ ಸಾರ್, ಸಿನಿಮಾನಾ?’ ಎಂದು ಇವರು ಕೇಳಿದ್ದಾರೆ.

‘ಅಲ್ಲ ಭಾಯ್, ಒಂದು ಊರೈತೆ, ಇಲ್ಲದ ಊರು. ಅದರಾಗೆ ನಾವು ಮೂರು ಜನ ಐದೀವಿ. ಹೊನ್ನಾಳಿಯ ಬೇಕರಿ ಅಕ್ಕ ವೈದ್ಯೆ, ಜಗಳೂರಿನ ಲೈನ್‌ಮನ್ ಕಳ್ಳ. ಕಥೆ ನಡೆಸೋನು ನಾನು. ಅವರು ಏನು ಮಾಡ್ತೀವಿ ಅಂತ ಬರೀತಾರೆ, ನಾನು ದಾಳ ಉರುಳಿಸಿ ಏನಾಯ್ತು ಅಂತ ಬರೀತೀನಿ. ಬರ್ತೀರೇನು? ಮಾಂತ್ರಿಕ ಆಗ್ರಿ, ಕತ್ತಿ ಹಿಡಿಯೋನಾಗ್ರಿ, ಏನು ಬೇಕಾದ್ರೂ ಆಗಬಹುದು.’

ಇವರು ಸೂಜಿಗೆ ದಾರ ಹಾಕುತ್ತಾ ಯೋಚಿಸಿ, ‘ಬಾಗಿಲು ಕಾಯೋನು ಬೇಕಾಗಲ್ವಾ ಸಾರ್ ನಿಮ್ಮೂರಿಗೆ?’ ಎಂದರಂತೆ.

ಹೀಗೆ ನನ್ನ ಗಂಡ ಆ ಊರಿನ ಕಾವಲುಗಾರರಾದರು. ಅವರು ಓದಿದ್ದು ಏಳನೇ ಕ್ಲಾಸು, ಅದೂ ಉರ್ದು ಶಾಲೆಯಲ್ಲಿ. ನಾನು ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಮೊದಲ ಕೆಲವು ವಾರ ಅವರು ಹೇಳಿದ್ದನ್ನು ನಾನೇ ಟೈಪ್ ಮಾಡುತ್ತಿದ್ದೆ. ಆಮೇಲೆ ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರ ಹುಡುಕಿ, ತಾವೇ ಬರೆಯತೊಡಗಿದರು. ಅದಕ್ಕೇ ಅವರ ಸಾಲುಗಳೆಲ್ಲ ಗಿಡ್ಡ. ‘ಬಾಗಿಲು ಹಾಕಿದೆ.’ ‘ಯಾರು ಅಂತ ಕೇಳಿದೆ.’ ‘ಬಿಡಲಿಲ್ಲ.’

ಆಟಕ್ಕೆ ತೊಂದರೆ ಬಂದದ್ದು ಹೊತ್ತಿನಿಂದ. ಒಂದೊಂದು ಊರಿನವರಿಗೆ ಒಂದೊಂದು ಬಿಡುವು. ಬೇಕರಿ ಅಕ್ಕನಿಗೆ ಒಲೆಯಲ್ಲಿ ಬನ್ನು ಬೇಯುವಷ್ಟು ಕಾಲ ಬೇರೆ ಕೆಲಸವಿಲ್ಲ. ದಿನಕ್ಕೆ ಹತ್ತು ಸಲ ಬರೆಯುತ್ತಿದ್ದರು. ಲೈನ್‌ಮನ್ ಜಗಳೂರಿನ ಸುತ್ತಿನ ಹಳ್ಳಿಗಳಲ್ಲಿ ತಂತಿ ಕಡಿದ ಕಡೆಗೆಲ್ಲ ಹೋಗುವವರು. ಸಿಗ್ನಲ್ ಸಿಕ್ಕರೆ ಬರೆದರು, ಇಲ್ಲದಿದ್ದರೆ ಇಲ್ಲ. ಒಮ್ಮೆ ಅವರ ಕಳ್ಳ ಅರಮನೆಯ ಗೋಡೆ ಹತ್ತಿ, ಒಂದು ಕಾಲು ಆಚೆಗೆ ಹಾಕಿದ. ಅಷ್ಟು ಬರೆದು ಲೈನ್‌ಮನ್ ನಾಲ್ಕು ದಿನ ಮಾಯ. ಈ ಕಡೆ ಅಕ್ಕನ ವೈದ್ಯೆ ಸಂತೆಗೆ ಹೋದಳು, ರಾಜನ ಎಮ್ಮೆಗೆ ಔಷಧಿ ಕೊಟ್ಟಳು, ಒಂದು ಮದುವೆಗೂ ಹೋಗಿಬಂದಳು. ಲೈನ್‌ಮನ್ ವಾಪಸು ಬಂದು ಎಲ್ಲವನ್ನೂ ಓದಿ ವಾಯ್ಸ್ ಮೆಸೇಜ್ ಕಳಿಸಿದರು. ಕೂಗಿದ್ದಕ್ಕೆ ಫೋನ್ ನಡುಗಿತು.

‘ಅಕ್ಕಾ, ನಾನಿನ್ನೂ ಗೋಡೆ ಮೇಲೆ ಕುಂತೀನಿ! ನೀವು ಮದುವೆ ಊಟ ಮುಗ್ಸಿ ಎಲಡಿಕೆ ಹಾಕ್ಕಂಡೀರಲ್ಲ! ನ್ಯಾಯ ಐತಾ ಇದು?’

‘ಇಳ್ಕಂಡು ಬಾ ಅಂತ ಯಾರು ಬ್ಯಾಡ ಅಂದ್ರಪ್ಪ? ಪಾಯಸ ಎತ್ತಿಟ್ಟೀನಿ,’ ಎಂದರು ಅಕ್ಕ.

‘ಒಂದ್ ಕಾಲು ಆ ಕಡೆ, ಒಂದ್ ಕಾಲು ಈ ಕಡೆ ಇಟ್ಕಂಡು ನಾಕು ದಿನ! ನಮ್ಮ ಡಿಪಾರ್ಟ್‌ಮೆಂಟಿನಾಗೂ ಇಂಥ ಕೆಲಸ ಮಾಡ್ಸಿಲ್ಲ ನನ್ ಕೈಲಿ!’

ನಾನು ನಗುತ್ತಾ ನನ್ನ ಗಂಡನಿಗೆ ಹೇಳಿದೆ. ಮನೆಯಲ್ಲಿ ನಮ್ಮ ಮಾತು ಉರ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ‘ರೀ, ನಿಮ್ಮೂರಿಗೆ ರಾಜ ಇದ್ದಾನೆ, ಕಳ್ಳ ಇದ್ದಾನೆ. ಒಂದು ಕ್ಯಾಲೆಂಡರ್ ಇಲ್ವಾ? ಹೊರಗೆ ಒಂದು ವಾರ ಆದ್ರೆ ಒಳಗೆ ಒಂದು ದಿನ ಅಂತ ಇಟ್ಕೊಳ್ಳಿ. ವಾರದಲ್ಲಿ ಒಂದು ಸಲವಾದ್ರೂ ಎಲ್ಲರಿಗೂ ಫೋನ್ ನೋಡಾಕೆ ಆಗುತ್ತೆ.’

ಅವರು ಇದನ್ನು ಹಾಗೆಯೇ ಗುಂಪಿನಲ್ಲಿ ಬರೆದರು. ಅರ್ಧ ಗಂಟೆಯಲ್ಲಿ ನನ್ನನ್ನೂ ಗುಂಪಿಗೆ ಸೇರಿಸಿಕೊಂಡರು. ನನ್ನ ಕೆಲಸ ಹೊತ್ತು ನೋಡುವುದು. ಸೋಮವಾರ ಬೆಳಗಿನ ಚಹಾ ಆದ ಮೇಲೆ ‘ಬೆಳಗಾಯಿತು’ ಎಂದು ಬರೆಯಬೇಕು. ಗುರುವಾರ ಸಂಜೆ ‘ಕತ್ತಲಾಯಿತು’ ಎಂದು ಬರೆಯಬೇಕು. ಆಟಕ್ಕೆ ಬಾರದವನ ಪಾತ್ರ ಆ ಊರಿನ ಮುಸಾಫಿರ್‌ಖಾನೆಯ, ಅಂದರೆ ಛತ್ರದ, ಮಹಡಿಯಲ್ಲಿ ನಿದ್ದೆ ಮಾಡುತ್ತಿರುತ್ತದೆ, ಅದನ್ನು ಯಾರೂ ಎಬ್ಬಿಸುವಂತಿಲ್ಲ. ಕೊನೆಗೆ ಮೇಷ್ಟ್ರು ಒಂದು ನಿಯಮ ಸೇರಿಸಿದರು: ‘ಕಥೆಯಲ್ಲಿ ನಾನು ಹೇಳಿದ್ದೇ ಸರಿ, ಹೊತ್ತಿನಲ್ಲಿ ಭಾಬಿ ಹೇಳಿದ್ದೇ ಸರಿ.’

ಮಗಳ ಶಾಲೆಯ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ದಿನ ಗುರುತು ಹಾಕತೊಡಗಿದೆ. ಮಗಳು ಮದುವೆಯಾಗಿ ಹೋದ ಮೇಲೆ ನನಗೆ ಯಾರೂ ಒಂದು ಕೆಲಸವನ್ನು ಇದು ನಿನ್ನದು ಎಂದು ಕೊಟ್ಟಿರಲಿಲ್ಲ. ವಾರಕ್ಕೆ ಎರಡು ಸಲ ನಾನು ಒಂದು ಊರಿಗೆ ಬೆಳಗು ತರುತ್ತಿದ್ದೆ, ಕತ್ತಲು ತರುತ್ತಿದ್ದೆ. ಒಂದು ಸೋಮವಾರ ಹಾಲು ಉಕ್ಕಿ ತಡವಾಯಿತು. ಜಗಳೂರಿನಿಂದ ಮೆಸೇಜ್ ಬಂತು: ‘ಭಾಬಿ, ಸೂರ್ಯನ ಲೈನು ಎಲ್ಲಾದ್ರೂ ಕಟ್ ಆಗೈತಾ? ಬಂದು ನೋಡ್ಲಾ?’

ಆಟದ ಹತ್ತನೇ ದಿನಕ್ಕೆ ಸೇತುವೆ ಬಂತು. ಊರಿನ ಆಚೆ ಒಂದು ಕಣಿವೆ, ಅದರ ತುಂಬ ಕೆಟ್ಟ ಮಂಜು. ಅಕ್ಕ ಮತ್ತು ಲೈನ್‌ಮನ್ ಔಷಧಿ ತರಲು ಬೆಟ್ಟಕ್ಕೆ ಹೋಗಬೇಕು. ಅವರು ಬರುವವರೆಗೆ, ಅಂದರೆ ಹನ್ನೆರಡನೇ ದಿನ ಮುಗಿಯುವವರೆಗೆ, ಒಬ್ಬ ಸೇತುವೆಯ ಮೇಲೆ ಕಂದೀಲು ಹಿಡಿದು ನಿಂತೇ ಇರಬೇಕು. ಕೂತರೆ ಕಂದೀಲು ಆರುತ್ತದೆ, ಆರಿದರೆ ಮಂಜು ಊರೊಳಗೆ ಬಂದು ಎಲ್ಲರನ್ನೂ ನುಂಗುತ್ತದೆ. ನನ್ನ ಗಂಡ ಒಪ್ಪಿಕೊಂಡರು. ಹೊರಗಿನ ಲೆಕ್ಕದಲ್ಲಿ ಸುಮಾರು ಮೂರು ವಾರ. ದಿನಾ ಅಂಗಡಿಯಿಂದ ಒಂದೇ ಸಾಲು ಬರೆಯುತ್ತಿದ್ದರು: ‘ನಿಂತಿದ್ದೇನೆ.’

‘ಭಾಯ್, ಕಾಲು ನೋಯಂಗಿಲ್ವಾ?’ ಎಂದು ಲೈನ್‌ಮನ್ ಕೇಳಿದರೆ, ‘ಅಂಗಡೀಲಿ ಅಭ್ಯಾಸ ಐತೆ’ ಎಂದು ಉತ್ತರ.

ಮೂರನೆಯ ವಾರದ ಶನಿವಾರ ಬೆಳಿಗ್ಗೆ, ಅಂಗಡಿಯ ಶಟರ್ ಎತ್ತುವಾಗ ಅವರು ಬಿದ್ದರು. ಆಸ್ಪತ್ರೆ ದೂರವಿರಲಿಲ್ಲ. ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದರ ಮುಂದಿನ ಸೋಮವಾರ ನಾನು ‘ಬೆಳಗಾಯಿತು’ ಎಂದು ಬರೆಯಲಿಲ್ಲ. ಆ ಊರಿನಲ್ಲಿ ಬೆಳಗಾಗಲಿಲ್ಲ. ನಾನು ಗುಂಪು ಬಿಟ್ಟು ಹೊರಗೆ ಬರಲಿಲ್ಲ, ತೆರೆದು ನೋಡಲೂ ಇಲ್ಲ. ನೋಟ್‌ಬುಕ್ ಬೀರುವಿನ ಮೇಲೆ ಹೋಯಿತು.

ಇದ್ದತ್‌ನ ಎರಡನೇ ತಿಂಗಳಲ್ಲಿ ಬೇಕರಿ ಅಕ್ಕ ಹೊನ್ನಾಳಿಯಿಂದ ಬಸ್ಸಿನಲ್ಲಿ ನನ್ನನ್ನು ನೋಡಲು ಬಂದರು. ಅವರನ್ನು ಮುಖತಃ ನೋಡಿದ್ದು ಅದೇ ಮೊದಲು. ರಸ್ಕಿನ ಪೊಟ್ಟಣ ನನ್ನ ತೊಡೆಯ ಮೇಲಿಟ್ಟು, ಕೈ ಹಿಡಿದು ಪಕ್ಕದಲ್ಲಿ ಕೂತರು. ಆಮೇಲೆ ನನ್ನ ಗಂಡನ ವಿಷಯ ತೆಗೆದರು. ಹೇಗೆ ಮೂರು ವಾರ ನಿಂತರು, ಹೇಗೆ ದಿನಾ ಬರೆದರು. ‘ಪಾಪ, ಕೊನೀಗೆ ಕುಂತ್ಬಿಟ್ರು ನೋಡ್ರಿ. ಆಗ್ಲೇ ಜೀವಕ್ಕೆ ಸುಸ್ತಾಗಿತ್ತೇನೋ…’ ಎಂದರು. ಎಂದವರೇ ತುಟಿ ಕಚ್ಚಿಕೊಂಡು ಮಾತು ಬದಲಿಸಿದರು.

ನಾನು ಕೇಳಲಿಲ್ಲ. ಆದರೆ ಆ ಮಾತು ತಲೆಯಿಂದ ಹೋಗಲಿಲ್ಲ. ಕೂತುಬಿಟ್ಟರು. ಅಂದರೆ ಕಂದೀಲು ಆರಿತು, ಮಂಜು ಬಂತು, ಊರು ಹೋಯಿತು. ಅವರು ಕೆಲಸವನ್ನು ನಡುವೆ ಬಿಟ್ಟವರಲ್ಲ. ಜ್ವರ ಬಂದಾಗಲೂ ಒಪ್ಪಿಕೊಂಡ ಸೀಟು ಮುಗಿಸಿಯೇ ಮಲಗಿದವರು. ಸಾವು ದೇವರ ಇಚ್ಛೆ. ಅದರ ಮೇಲೆ ನನಗೆ ಜಗಳವಿರಲಿಲ್ಲ. ಆದರೆ ಅವರು ಬರೆದ ಕೊನೆಯ ಸಾಲು ಮಾತು ತಪ್ಪಿದ ಸಾಲೇ? ತೆರೆದು ಓದಿದರೆ ಗೊತ್ತಾಗುತ್ತಿತ್ತು. ಓದಲು ಧೈರ್ಯ ಬರಲಿಲ್ಲ. ಸುಮ್ಮನೆ ಎಣಿಸುತ್ತಿದ್ದೆ: ನನ್ನ ನಾಲ್ಕು ತಿಂಗಳು ಹತ್ತು ದಿನ ಆ ಊರಿನಲ್ಲಿ ಹದಿನೆಂಟು ದಿನ ಆಗುತ್ತಿತ್ತು. ಹದಿನೆಂಟು ದಿನ ಅಲ್ಲಿ ಬೆಳಗೇ ಇಲ್ಲ.

ಇದ್ದತ್ ಮುಗಿದ ಮೇಲೆ ಮೇಷ್ಟ್ರು ಫೋನ್ ಮಾಡಿದರು. ‘ಭಾಬಿ, ಎಲ್ಲರೂ ಒಂದ್ಸಲ ಕೂತು ಮಾತಾಡಣ. ಆಟ ಏನು ಮಾಡೋದು ಅಂತ. ನಿಮಗೆ ಕಷ್ಟ ಆದ್ರೆ ಬ್ಯಾಡ.’ ಭಾನುವಾರ, ಹೊನ್ನಾಳಿಯಲ್ಲಿ, ಅಕ್ಕನ ಬೇಕರಿಯ ಹಿಂದಿನ ಕೋಣೆಯಲ್ಲಿ ಎಂದು ನಿಶ್ಚಯವಾಯಿತು. ಹೊರಡುವಾಗ ಬೀರುವಿನ ಮೇಲಿಂದ ನೋಟ್‌ಬುಕ್ ತೆಗೆದು, ಧೂಳು ಒರೆಸಿ, ಚೀಲಕ್ಕೆ ಹಾಕಿಕೊಂಡೆ. ಮೇಷ್ಟ್ರಿಗೆ ಒಪ್ಪಿಸಿ ಬರೋಣ ಎಂದುಕೊಂಡಿದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟನ್ನು ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದುಕೊಂಡಿದ್ದೆ. ಅಷ್ಟು ತಿಂಗಳ ನಂತರ ಬಯಲು ನೋಡಿ ಕಣ್ಣು ನೋಯುತ್ತಿತ್ತು. ಮೆಕ್ಕೆಜೋಳ ಕಟಾವಾಗಿ ಹೊಲಗಳು ಬರಿದಾಗಿದ್ದವು. ನಾನು ಒಳಗೆ ಕೂತಾಗ ಅದು ಬಿತ್ತನೆಯೂ ಆಗಿರಲಿಲ್ಲ.

ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಚೀಲಗಳ ನಡುವೆ ನಾಲ್ಕು ಕುರ್ಚಿ ಹಾಕಿದ್ದರು. ಮೇಷ್ಟ್ರು ಮೊದಲೇ ಬಂದಿದ್ದರು, ಕಂಕುಳಲ್ಲಿ ದಪ್ಪ ಪುಸ್ತಕ. ಜಗಳೂರಿನಿಂದ ಬೈಕಿನಲ್ಲಿ ಬಂದಿದ್ದ ಲೈನ್‌ಮನ್, ಅಷ್ಟು ದೊಡ್ಡ ದನಿಗೆ ಇಷ್ಟು ಸಣ್ಣ ಆಳೇ ಎನ್ನಿಸುವಂತಿದ್ದರು. ನನ್ನನ್ನು ನೋಡಿ ಎದ್ದು ನಿಂತು, ಏನೋ ಹೇಳಲು ಹೋಗಿ, ‘ಬಿಸಿಲು ಜಾಸ್ತಿ ಐತೆ ಭಾಬಿ’ ಎಂದಷ್ಟೇ ಹೇಳಿ ಕೂತರು.

ಚಹಾ ಆಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ‘ಭಾಬಿ, ನಾವು ಮೂರೂ ಜನ ಯೋಚನೆ ಮಾಡಿದ್ವಿ. ಈ ಕಥೆ ಇಲ್ಲಿಗೇ ನಿಲ್ಲಿಸಿಬಿಡಣ. ಇನ್ನೊಂದು ಹೊಸ ಊರು, ಹೊಸ ಕಥೆ. ನೀವು ಅದಕ್ಕೂ ಹೊತ್ತು ನೋಡ್ಬೇಕು.’

‘ಈ ಊರು?’ ಎಂದೆ.

‘ಈ ಊರು… ಹಂಗೇ ಇರ್ಲಿ ಬಿಡ್ರಿ.’

ಅವರು ನನ್ನ ಮುಖ ನೋಡದೆ ಹೇಳಿದರು. ಅಕ್ಕ ಸುಮ್ಮಸುಮ್ಮನೆ ಬೆಣ್ಣೆ ಬಿಸ್ಕತ್ತುಗಳನ್ನು ಡಬ್ಬಿಯಿಂದ ಡಬ್ಬಿಗೆ ಹಾಕುತ್ತಿದ್ದರು. ನನಗೆ ಗೊತ್ತಾಯಿತು, ಇವರು ನನ್ನಿಂದ ಒಂದನ್ನು ಮುಚ್ಚಿಡುತ್ತಿದ್ದಾರೆ. ಆ ದಿನ ಬಸ್ಸು ಹತ್ತಿದ್ದೇ ಅದನ್ನು ಕೇಳಲು ಎಂದು ನನಗೆ ಅನ್ನಿಸಿದ್ದು ಆಗಲೇ.

‘ಸಾರ್, ಅವರು ಕೂತಿದ್ದು ತಪ್ಪಾಯ್ತಾ?’

ಮುಂದಿನ ಅಂಗಡಿಯಲ್ಲಿ ಯಾರೋ ಅರ್ಧ ಕೆಜಿ ಖಾರ ಕೇಳುತ್ತಿದ್ದರು. ಮೇಷ್ಟ್ರು ನಿಧಾನವಾಗಿ ಪುಸ್ತಕ ತೆಗೆದರು.

‘ಇದು ಆಟ ಭಾಬಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ಹನ್ನೆರಡನೇ ದಿನ ಮುಗಿಯೋ ತನಕ ನಿಂತಿರಬೇಕು ಅಂತ ನಾನು ಬರೆದಿದ್ದೆ. ಅವರು ಹನ್ನೆರಡನೇ ದಿನ ಪೂರ್ತಿ ನಿಂತರು. ರಾತ್ರಿ ಒಂದು ಬಾಕಿ ಇತ್ತು. ಗುರುವಾರ ಸಂಜೆ, ನೀವು ಕತ್ತಲಾಯಿತು ಅಂತ ಹಾಕಿದ ಮೇಲೆ, ಅವರು ಬರೆದರು.’ ಕನ್ನಡಕ ಸರಿಮಾಡಿ ಓದಿದರು. ‘ಕಂದೀಲು ಕಂಬದ ಕೊಕ್ಕೆಗೆ ಹಾಕಿದೆ. ಎಕ್ಕಡ ಬಿಚ್ಚಿದೆ. ಕೂತೆ.’

ಅವರ ಕೊನೆಯ ಸಾಲನ್ನು ನಾನು ಕೇಳಿದ್ದು ಹಾಗೆ, ಇನ್ನೊಬ್ಬರ ಬಾಯಲ್ಲಿ.

‘ಇನ್ನೊಂದು ರಾತ್ರಿ ನಿಂತಿದ್ರೆ ಆಗ್ತಿತ್ತು,’ ಎಂದರು ಮೇಷ್ಟ್ರು ಮೆಲ್ಲಗೆ. ‘ನಿಯಮದ ಪ್ರಕಾರ ಮಂಜು ಬರಬೇಕು. ನಾನು ಬರೆಯಾಕೆ ಕೂತೆ. ಶನಿವಾರ ಸುದ್ದಿ ಬಂತು. ಆಮೇಲೆ ಬರೆಯಾಕೆ ಕೈ ಬರಲಿಲ್ಲ.’

‘ಯಾವನಿಗೆ ಬೇಕು ನಿಯಮ? ಮುಗೀತು ಅಂತ ಬರೀರಿ, ಯಾರು ಕೇಳ್ತಾರೆ?’ ಎಂದರು ಅಕ್ಕ.

‘ಹಂಗೆ ಬೇಡ ಅಕ್ಕ,’ ಎಂದೆ. ಅಂಥದ್ದು ನನ್ನ ಗಂಡನಿಗೆ ಆಗುತ್ತಿರಲಿಲ್ಲ. ಹೊಲಿಗೆ ಒಂದು ಕಡೆ ಬಿಟ್ಟಿದ್ದರೆ ಗಿರಾಕಿ ಇರಲಿ ಬಿಡಿ ಎಂದರೂ ಬಿಚ್ಚಿ ಮತ್ತೆ ಹಾಕುತ್ತಿದ್ದರು. ದಯೆಯಿಂದ ಬಂದ ಗೆಲುವನ್ನು ಅವರ ಹೆಸರಿಗೆ ನಾನು ಹೇಗೆ ತೆಗೆದುಕೊಳ್ಳಲಿ?

ಕೈಗೆ ಏನಾದರೂ ಕೆಲಸ ಬೇಕಿತ್ತು. ಚೀಲದಿಂದ ನೋಟ್‌ಬುಕ್ ತೆಗೆದೆ. ಕೊನೆಯ ಬರಹವಿದ್ದ ಹಾಳೆ ತಾನಾಗಿ ತೆರೆದುಕೊಂಡಿತು. ನನ್ನದೇ ಅಕ್ಷರ. ಗುರುವಾರ ಸಂಜೆ. ‘ಕತ್ತಲಾಯಿತು. ದಿನ ಹದಿಮೂರು.’

ಎರಡು ಸಲ ಓದಿದೆ.

‘ಸಾರ್, ರಾತ್ರಿ ಬಾಕಿ ಇರಲಿಲ್ಲ,’ ಎಂದೆ.

‘ಹೆಂಗೆ?’

‘ಕತ್ತಲಾದ ಕೂಡಲೆ ಹದಿಮೂರನೇ ದಿನ ಶುರುವಾಗಿದೆ. ಹನ್ನೆರಡು ಅಲ್ಲಿಗೆ ಮುಗೀತು.’

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ‘ದಿನ ಶುರುವಾಗೋದು ಬೆಳಿಗ್ಗೆ ಅಲ್ವಾ ಭಾಬಿ? ಬೆಳಗಾದ ಮೇಲೆ ತಾನೇ ಹದಿಮೂರು?’

‘ನಮ್ಮ ಮನೇಲಿ ಹಾಗಲ್ಲ ಸಾರ್. ನಮಗೆ ತಾರೀಖು ಬದಲಾಗೋದು ಮಗ್ರಿಬ್‌ಗೆ, ಸೂರ್ಯ ಮುಳುಗಿದಾಗ. ಮೊದಲು ರಾತ್ರಿ, ಆಮೇಲೆ ಅದರ ಹಗಲು. ಚಂದ್ರ ಕಂಡ ಸಂಜೆಯಿಂದಲೇ ರಂಜಾನ್ ತಿಂಗಳು. ಮಾರನೇ ಬೆಳಿಗ್ಗೆಯಿಂದ ಅಲ್ಲ.’

ಲೈನ್‌ಮನ್ ನೋಟ್‌ಬುಕ್ ಎಳೆದುಕೊಂಡರು. ‘ಮೊದಲ್ನೇ ಪೇಜಿನಿಂದ ಹಿಂಗೇ ಐತೇನ್ರಿ, ಇಲ್ಲಾ ಇದೊಂದೇನಾ?’

ಅವರು ಕೇಳಿದ್ದು ಒಳ್ಳೆಯದೇ ಆಯಿತು. ನನಗೂ ಅದೇ ಭಯವಿತ್ತು. ಆ ಒಂದು ಸಂಜೆ ಮಾತ್ರ ಕೈ ತಪ್ಪಿ ಬರೆದಿದ್ದರೆ? ಅವರು ಬೆರಳಿಟ್ಟು ಒಂದೊಂದೇ ಓದುತ್ತಾ ಹೋದರು. ಕತ್ತಲಾಯಿತು, ದಿನ ಎರಡು. ಬೆಳಗಾಯಿತು, ದಿನ ಎರಡು. ಕತ್ತಲಾಯಿತು, ದಿನ ಮೂರು. ಬೆಳಗಾಯಿತು, ದಿನ ಮೂರು. ಎಲ್ಲೂ ತಪ್ಪಿರಲಿಲ್ಲ. ಮೇಷ್ಟ್ರು ತಮ್ಮ ಫೋನ್ ತೆಗೆದು ಗುಂಪಿನಲ್ಲಿ ನೋಡಿದರು. ಅಲ್ಲೂ ನಾನು ಹಾಗೆಯೇ ಹಾಕಿದ್ದೆ, ಎಲ್ಲರ ಕಣ್ಣೆದುರಿಗೆ. ಅವರು ‘ಕತ್ತಲಾಯಿತು’ ಎಂಬುದನ್ನಷ್ಟೇ ಓದಿ ತಮ್ಮ ಪುಸ್ತಕದಲ್ಲಿ ತಮ್ಮ ಅಂಕಿ ಬರೆದುಕೊಂಡಿದ್ದರು. ಬೆಳಗಾದಾಗ ಇಬ್ಬರ ಅಂಕಿಯೂ ಒಂದೇ ಆಗುತ್ತಿತ್ತು. ರಾತ್ರಿಯಲ್ಲಿ ಮಾತ್ರ ನಾವಿಬ್ಬರೂ ಬೇರೆ ಬೇರೆ ದಿನದಲ್ಲಿ ಇದ್ದೆವು. ಆಟ ಶುರುವಾದಾಗಿನಿಂದ ಯಾರಿಗೂ ಗೊತ್ತಾಗಿರಲಿಲ್ಲ.

‘ಇರ್ರಿ, ಇರ್ರಿ,’ ಎಂದು ಲೈನ್‌ಮನ್ ಕುರ್ಚಿಯಿಂದ ಅರ್ಧ ಎದ್ದರು. ‘ಆ ಬೇರಿನ ವಿಷಯ! ಅಕ್ಕ, ನೀವು ಭಾಯ್‌ಗೆ ಒಂದು ಬೇರು ಕೊಟ್ಟಿದ್ರಲ್ಲ?’

‘ಕೊಟ್ಟಿದ್ದೆ. ಐದನೇ ದಿನ ಮುಗಿಯೋ ತನಕ ಮಾತ್ರ ಅದಕ್ಕೆ ಗಾಯ ವಾಸಿ ಮಾಡೋ ಗುಣ. ಅವತ್ತು ರಾತ್ರಿನೇ ತೋಳ ಬಂದು ಕಚ್ಚಿದ್ರೂ ಅದನ್ನ ಬಾಯಿಗೆ ಹಾಕ್ಕಳ್ಲಿಲ್ಲ ಪುಣ್ಯಾತ್ಮ.’

‘ನಾನು ಕೇಳಿದ್ದೆ ಕಣಕ್ಕ, ಯಾಕೆ ಭಾಯ್ ಅಂತ. “ಅದರ ದಿನ ಮುಗೀತಲ್ಲ” ಅಂದ್ರು. ನನಗೆ ಅರ್ಥ ಆಗಿರ್ಲಿಲ್ಲ.’

ಮೇಷ್ಟ್ರು ತಮ್ಮ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದರು. ಒಂದು ಕಡೆ ನಿಲ್ಲಿಸಿ, ನಮ್ಮ ಕಡೆ ತಿರುಗಿಸಿದರು. ಐದನೇ ದಿನದ ರಾತ್ರಿ ಎಂದು ಬರೆದು ಅದರ ಪಕ್ಕ ಸಣ್ಣ ಅಕ್ಷರದಲ್ಲಿ: ‘ಭಾಯ್ ಬೇರು ಇದ್ದದ್ದು ಮರೆತರು, ಪಾಪ.’

‘ಮರೆತಿರಲಿಲ್ಲ,’ ಎಂದರು ಮೇಷ್ಟ್ರು. ‘ತಮಗೆ ನಷ್ಟ ಆಗುವಾಗ್ಲೂ ಭಾಬಿ ಹೊತ್ತಿಗೇ ನಡೆದಾರೆ. ಇಷ್ಟು ವರ್ಷ ಮಕ್ಕಳ ಪುಸ್ತಕ ತಿದ್ದಿದೋನು, ನನ್ನ ಪುಸ್ತಕ ತಿದ್ದೋರಿರಲಿಲ್ಲ ನೋಡ್ರಿ.’ ಜೇಬಿನಿಂದ ಪೆನ್ನು ತೆಗೆದು ಆ ಸಾಲಿಗೆ ಅಡ್ಡ ಗೀಟು ಹಾಕಿದರು. ಆಮೇಲೆ ಕೊನೆಯ ಹಾಳೆಗೆ ಬಂದು, ಹನ್ನೆರಡನೇ ದಿನದ ಎದುರು ‘ಪೂರ್ತಿ’ ಎಂದು ಬರೆದರು. ‘ಹೊತ್ತಿನಲ್ಲಿ ನೀವು ಹೇಳಿದ್ದೇ ಸರಿ. ನಿಯಮ ಮಾಡಿದೋನು ನಾನೇ.’

ಆಗ ನನಗೆ ಆ ಗುರುವಾರ ನೆನಪಾಯಿತು. ಶನಿವಾರ ಬಂದು ಅದನ್ನು ನುಂಗಿಬಿಟ್ಟಿತ್ತು. ನನ್ನ ಗಂಡ ಆ ದಿನ ಸ್ವಲ್ಪ ಬೇಗ ಮನೆಗೆ ಬಂದಿದ್ದರು. ‘ಕಾಲು ಸೋತಿದೆ’ ಎಂದಿದ್ದರು. ಅಜಾನ್ ಕೇಳಿಸಿತು, ನಾನು ಮೆಷಿನ್ ನಿಲ್ಲಿಸಿ ಫೋನಿನಲ್ಲಿ ಕತ್ತಲು ಹಾಕಿ, ನೋಟ್‌ಬುಕ್ಕಿನಲ್ಲಿ ಗುರುತು ಮಾಡಿದೆ. ನಮಾಜು ಮುಗಿಸಿ ಬಂದು ಅವರು ಕೇಳಿದ್ದರು, ‘ಹನ್ನೆರಡು ಮುಗೀತಾ?’ ನಾನು ಸೀರೆಯ ಅಂಚಿನಿಂದ ಕಣ್ಣೆತ್ತದೆ ಹೇಳಿದ್ದೆ, ‘ಮುಗೀತು. ಇನ್ನು ಕೂತ್ಕೊಳ್ಳಿ.’

ಅವರು ಹೊಸಿಲ ಮೇಲೆ ಕೂತು ಫೋನ್ ತೆಗೆದು, ಒಂದೊಂದೇ ಅಕ್ಷರ ಒತ್ತಿ ಏನೋ ಬರೆದರು. ಸೀರೆ ಮುಗಿಸುವ ಅವಸರದಲ್ಲಿ ಆಮೇಲೆ ನಾನು ಗುಂಪು ತೆರೆದು ನೋಡಿರಲಿಲ್ಲ. ಆಮೇಲೆ ಚಹಾ ಕೇಳಿದರು. ಕಾಲು ಚಾಚಿಕೊಂಡು, ಬೀದಿಯಲ್ಲಿ ಹೋಗುವವರನ್ನು ನೋಡುತ್ತಾ ಕುಡಿದರು.

ಬೇಕರಿಯ ಕೋಣೆಯಲ್ಲಿ ಇದನ್ನು ಮೂವರಿಗೂ ಹೇಳಿದೆ. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಅಳು ಬರಲಿಲ್ಲ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಇಟ್ಟುಕೊಂಡಿದ್ದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಉಸಿರು ಹೊಟ್ಟೆಯವರೆಗೂ ಹೋಯಿತು. ಅವರು ಕೇಳಿ, ಹೊತ್ತು ಖಾತ್ರಿ ಮಾಡಿಕೊಂಡು, ಆಮೇಲೆ ಕೂತಿದ್ದರು. ಕೂರಲು ಹೇಳಿದವಳು ನಾನೇ.

ಎಲ್ಲವೂ ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಕಾಲು ಸೋತಿದೆ ಎಂದಾಗ ನಾನು ಇನ್ನೊಂದು ಮಾತು ಕೇಳಬಹುದಿತ್ತು. ಡಾಕ್ಟರ್ ಹತ್ತಿರ ಹೋಗೋಣವೇ ಎನ್ನಬಹುದಿತ್ತು. ಅದು ಇನ್ನೂ ಇದೆ, ಇರುತ್ತದೆ. ಆದರೆ ಅದು ನನ್ನದು. ಅವರ ಮೇಲೆ ಏನೂ ಉಳಿದಿರಲಿಲ್ಲ.

‘ಹಂಗಾದ್ರೆ ಕಂದೀಲು ಆರಿಲ್ಲ?’ ಎಂದು ಲೈನ್‌ಮನ್ ಕೇಳಿದರು.

‘ಇಲ್ಲ,’ ಎಂದರು ಮೇಷ್ಟ್ರು.

‘ಮಂಜು ಬಂದಿಲ್ಲ?’

‘ಇಲ್ಲಪ್ಪ.’

‘ಮತ್ತೆ ನಾವಿಬ್ರು ಬೆಟ್ಟದಾಗೆ ಚಳೀಲಿ ನಾಕು ತಿಂಗಳಿಂದ ಏನು ಮಾಡ್ತಿದ್ವಿ? ಅಕ್ಕ, ಪಾಯಸ ಏನಾರ ಐತಾ?’

ಅಕ್ಕ ಅಳುತ್ತಲೇ ನಕ್ಕು ಅವರ ಬೆನ್ನಿಗೆ ಒಂದು ಗುದ್ದಿದರು. ನಾನೂ ನಕ್ಕೆ. ನನ್ನ ನಗು ನನಗೇ ಗುರುತು ಸಿಗಲಿಲ್ಲ.

ನೋಟ್‌ಬುಕ್ ಒಪ್ಪಿಸಲಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡು, ಅಕ್ಕ ಕಟ್ಟಿಕೊಟ್ಟ ಬನ್ನುಗಳ ಜೊತೆ, ಸಂಜೆಗೆ ಮೊದಲೇ ಚನ್ನಗಿರಿಯ ಬಸ್ಸು ಹತ್ತಿದೆ.

ಮರುದಿನ ಸೋಮವಾರ. ಚಹಾ ಕುಡಿದು, ಲೋಟ ತೊಳೆದಿಟ್ಟು, ಗುಂಪು ತೆರೆದೆ. ಅವರ ಸಾಲು ಅಲ್ಲಿಯೇ ಇತ್ತು. ಈ ಸಲ ನಾನೇ ಓದಿದೆ. ಎಕ್ಕಡ ಬಿಚ್ಚಿದೆ. ಕೂತೆ. ಓದಲು ಕಷ್ಟವಾಗಲಿಲ್ಲ. ಅದರ ಕೆಳಗೆ ಬರೆದೆ: ‘ಬೆಳಗಾಯಿತು. ದಿನ ಹದಿಮೂರು.’

ಮೊದಲು ಮೇಷ್ಟ್ರು ಬರೆದರು. ಕಾವಲು ಪೂರ್ತಿಯಾಗಿದೆ, ಕಾವಲುಗಾರ ಮುಸಾಫಿರ್‌ಖಾನೆಯ ಮಹಡಿಗೆ ಹೋಗಿ ಮಲಗಿದ್ದಾನೆ. ಅಕ್ಕನ ವೈದ್ಯೆ ಬೆಟ್ಟದಿಂದ ಇಳಿದು ಬಂದು ಅವನಿಗೆ ಕಂಬಳಿ ಹೊದಿಸಿದಳು. ಕಳ್ಳ ಅವನ ಎಕ್ಕಡಗಳನ್ನು ಸೇತುವೆಯಿಂದ ಎತ್ತಿ ತಂದು ಬಾಗಿಲ ಹತ್ತಿರ ಜೋಡಿಸಿಟ್ಟ. ‘ಇದೊಂದು ನಾನು ಕದ್ದಿಲ್ಲ, ಬರ್ಕಳ್ರಿ ಮೇಷ್ಟ್ರೇ’ ಎಂದು ಲೈನ್‌ಮನ್ ಕೆಳಗೆ ಸೇರಿಸಿದ್ದರು.

ನಾನು ಮೆಷಿನ್ ಮೇಲಿನ ಬಟ್ಟೆ ತೆಗೆದೆ. ಎಣ್ಣೆ ಬಿಟ್ಟೆ. ಪಕ್ಕದ ಬೀದಿಯವರು ತಿಂಗಳುಗಳಿಂದ ಇಟ್ಟುಕೊಂಡಿದ್ದ ಸೀರೆಗಳನ್ನು ತಂದು ಕೊಟ್ಟರು. ಮದುವೆ ಮನೆಯ ಹದಿನಾಲ್ಕು ಸೀರೆ, ಎಲ್ಲಕ್ಕೂ ಫಾಲ್ಸು, ಪೀಕೊ. ಮಂಗಳವಾರ ಕೂತೆ, ಬುಧವಾರ ಕೂತೆ, ಗುರುವಾರವೂ ಕೂತೆ. ಬಣ್ಣಕ್ಕೆ ಬಣ್ಣದ ದಾರ ಹೊಂದಿಸುತ್ತಾ ಇರುವಾಗ ಫೋನ್ ಬಡಿದುಕೊಂಡಿತು. ಜಗಳೂರು.

‘ಭಾಬಿ, ಏನ್ರಿ ಇದು? ಹೊರಗೆ ದೀಪ ಹಚ್ಚೋ ಹೊತ್ತಾತು, ನಮ್ಮೂರಾಗೆ ಇನ್ನೂ ಬಿಸಿಲೈತೆ! ನಾನು ಕಳ್ಳ ಕಣ್ರಿ, ಹಗಲಾಗೆ ಹೆಂಗೆ ಕೆಲಸ ಮಾಡ್ಲಿ? ಕತ್ತಲು ಮಾಡ್ರಿ ಬೇಗ!’

ಕಿಟಕಿಯಾಚೆ ನೋಡಿದೆ. ಹೌದು, ಸಂಜೆಯಾಗಿಬಿಟ್ಟಿತ್ತು. ಅಷ್ಟು ತಿಂಗಳಲ್ಲಿ ಒಂದೊಂದು ಗಂಟೆಯನ್ನೂ ಎಣಿಸಿದವಳಿಗೆ ಆ ದಿನ ಹೊತ್ತು ಹೋದದ್ದೇ ತಿಳಿದಿರಲಿಲ್ಲ.

‘ಮಾಡ್ತೀನಿ, ಇರ್ರಿ,’ ಎಂದೆ. ಹಲ್ಲಿನಲ್ಲಿ ದಾರ ಕಡಿದು, ಫೋನ್ ಎತ್ತಿಕೊಂಡು ಬರೆದೆ: ‘ಕತ್ತಲಾಯಿತು. ದಿನ ಹದಿನಾಲ್ಕು.’